ನೀರಿನ ಮಾತ್ರೆ: ಡೋಸ್ ಬರೆಯುವ ಮೊದಲು ತೂಕ ಬರೆಯಿರಿ

ತಾಲೂಕು ಆಸ್ಪತ್ರೆಗಳ ಶುಶ್ರೂಷಾಧಿಕಾರಿಗಳು ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ

ನಿಮ್ಮ ಕೈಗೆ ದಿನಾ ಬರುವಂಥ ಒಂದು ಡಿಸ್ಚಾರ್ಜ್ ಚೀಟಿಯನ್ನು ಕಣ್ಣಮುಂದೆ ತಂದುಕೊಳ್ಳಿ. ‘ಫ್ಯೂರೋಸೆಮೈಡ್ 40, 1–0–0, ಮುಂದುವರಿಸಿ’ ಎಂದಿದೆ. ಎಷ್ಟು ದಿನ? ಬರೆದಿಲ್ಲ. ಮನೆಗೆ ಹೊರಟ ದಿನ ರೋಗಿಯ ತೂಕ ಎಷ್ಟಿತ್ತು? ಬರೆದಿಲ್ಲ. ಪೊಟ್ಯಾಸಿಯಂ ಮತ್ತೆ ಯಾವಾಗ ನೋಡಬೇಕು? ಅದೂ ಇಲ್ಲ. ಆರು ತಿಂಗಳಾದ ಮೇಲೆ ಅದೇ ಚೀಟಿ ಮಡಿಕೆ ಮಡಿಕೆಯಲ್ಲಿ ಹರಿದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಿಮ್ಮ ಮೇಜಿಗೆ ಬರುತ್ತದೆ. ಅದೇ 40, ಅದೇ 1–0–0. ಅಷ್ಟರಲ್ಲಿ ಅದನ್ನು ನುಂಗುತ್ತಿರುವ ಅಜ್ಜ ಎಂಟು ಕೆ.ಜಿ. ಇಳಿದು, ನಾಲಿಗೆ ಒಣಗಿ, ಎದ್ದರೆ ತಲೆ ಸುತ್ತುತ್ತಿರಬಹುದು. ಇಲ್ಲವೇ ಆರು ಕೆ.ಜಿ. ನೀರು ತುಂಬಿಕೊಂಡು ರಾತ್ರಿಯೆಲ್ಲ ಮಲಗಲಾರದೆ ಗೋಡೆಗೆ ಒರಗಿ ಕೂತಿರಬಹುದು. ಇಬ್ಬರ ಚೀಟಿಯಲ್ಲೂ 40 ಎಂದೇ ಇರುತ್ತದೆ.

ಮೈಯಲ್ಲಿ ಸೇರಿದ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಫ್ಯೂರೋಸೆಮೈಡ್ ಗುಂಪಿನ ಮಾತ್ರೆಗಳ ವಿಷಯದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೆ: ಇವುಗಳ ಡೋಸನ್ನು ತೂಕ ನಡೆಸಬೇಕು. ತೂಕ ಏರಿದರೆ ಡೋಸ್ ಏರಬೇಕು, ಇಳಿದರೆ ಇಳಿಯಬೇಕು. ಬಿಪಿ ಮಾತ್ರೆಯಂತೆ, ಥೈರಾಯ್ಡ್ ಮಾತ್ರೆಯಂತೆ ಒಮ್ಮೆ ಕೂರಿಸಿ ಬಿಡುವಂಥದ್ದಲ್ಲ ಇದು.

ಮೊದಲು ಮಾತ್ರೆ ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. ಅದು ತಿಳಿಯದಿದ್ದರೆ ಡೋಸ್ ಏರಿಸುವ ರೀತಿ ತಪ್ಪುತ್ತದೆ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸುತ್ತದೆ. ಅದರಲ್ಲಿ ಮೂತ್ರವಾಗಿ ಹೋಗುವುದು ಒಂದೂವರೆ ಎರಡು ಲೀಟರ್, ಉಳಿದಿದ್ದೆಲ್ಲ ರಕ್ತಕ್ಕೆ ವಾಪಸ್. ಸೋಸಿದ ಸೋಡಿಯಂನಲ್ಲಿ ಕಾಲು ಭಾಗದಷ್ಟು ವಾಪಸಾಗುವ ಜಾಗ ಹೆನ್ಲೆಯ ಕುಣಿಕೆ, ಅಂದರೆ ಕಿಡ್ನಿಯೊಳಗಿನ ಸಣ್ಣ ನಾಳ ಬಾಗಿ ತಿರುಗುವ ಭಾಗ. ಜರ್ಮನಿಯ ಅಂಗರಚನಾ ವಿಜ್ಞಾನಿ ಹೆನ್ಲೆ 1862ರಲ್ಲಿ ಅದನ್ನು ವಿವರಿಸಿದ. ಕುಣಿಕೆಯ ಏರುಭಾಗದಲ್ಲಿ ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಹೊತ್ತು ತರುವ ಒಂದು ವಾಹಕವಿದೆ. ಫ್ಯೂರೋಸೆಮೈಡ್, ಟಾರ್ಸೆಮೈಡ್, ಬ್ಯುಮೆಟನೈಡ್ ಮೂರೂ ಆ ವಾಹಕವನ್ನೇ ಹಿಡಿದು ನಿಲ್ಲಿಸುತ್ತವೆ. ಉಪ್ಪು ವಾಪಸಾಗುವುದಿಲ್ಲ, ಉಪ್ಪಿನ ಹಿಂದೆ ನೀರೂ ಹೊರಗೆ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಔಷಧ ಆ ವಾಹಕವನ್ನು ಹಿಡಿಯುವುದು ಕಿಡ್ನಿಯ ಆ ಸಣ್ಣ ನಾಳದ ಒಳಬದಿಯಿಂದ. ರಕ್ತದಲ್ಲಿ ಇದ್ದರೆ ಸಾಲದು, ಮೂತ್ರದೊಳಕ್ಕೆ ಬರಬೇಕು. ರಕ್ತದಲ್ಲಿ ಅದು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಸುಮ್ಮನೆ ಸೋಸಿ ಬರುವುದಿಲ್ಲ. ನಾಳದ ಮೊದಲ ಭಾಗದ ಜೀವಕೋಶಗಳು ಅದನ್ನು ಎಳೆದು ಒಳಗೆ ಹಾಕಬೇಕು. ಕಿಡ್ನಿ ಕೆಟ್ಟವರಲ್ಲಿ ಹೊರಹೋಗದೆ ಉಳಿದ ಕಲ್ಮಶಗಳೂ ಅದೇ ಬಾಗಿಲಲ್ಲಿ ಸಾಲು ನಿಂತಿರುತ್ತವೆ. ಔಷಧಕ್ಕೆ ದಾರಿ ಸಿಗುವುದಿಲ್ಲ. ಅದಕ್ಕೇ ಒಬ್ಬರಿಗೆ 20 ಮಿ.ಗ್ರಾಂ ಸಾಕಾದರೆ ಇನ್ನೊಬ್ಬರಿಗೆ 160 ಬೇಕಾಗುತ್ತದೆ.

ಒಂದು ಬಾವಿಯನ್ನು ನೆನೆಯಿರಿ. ನೀರು 40 ಅಡಿ ಕೆಳಗಿದೆ, ನಿಮ್ಮ ಹಗ್ಗ 30 ಅಡಿ. ಕೊಡವನ್ನು ಒಂದು ಸಲ ಇಳಿಸಿದರೂ ಅಷ್ಟೆ, ಮೂರು ಸಲ ಇಳಿಸಿದರೂ ಅಷ್ಟೆ, ಬರಿಗೊಡವೇ ಮೇಲೆ ಬರುತ್ತದೆ. ಹಗ್ಗ 40 ಅಡಿ ಮುಟ್ಟಿತೋ, ಕೊಡ ತುಂಬಿತು. ಆಮೇಲೆ ಹಗ್ಗವನ್ನು 80 ಅಡಿ ಮಾಡಿದರೂ ಬರುವುದು ಅದೇ ಒಂದು ಕೊಡ ನೀರು. ಇನ್ನೂ ನೀರು ಬೇಕಿದ್ದರೆ ಕೊಡವನ್ನು ಮತ್ತೆ ಇಳಿಸಬೇಕು. ಈ ಮಾತ್ರೆಯ ಲೆಕ್ಕವೂ ಹೀಗೇ. ಒಂದು ಮಿತಿ ಮುಟ್ಟುವವರೆಗೆ ಏನೂ ಆಗುವುದಿಲ್ಲ. ಮುಟ್ಟಿದ ಮೇಲೆ ಮೂತ್ರ ಚೆನ್ನಾಗಿ ಬರುತ್ತದೆ. ಇನ್ನೂ ಏರಿಸುತ್ತಾ ಹೋದರೆ ಮೂತ್ರ ಹೆಚ್ಚಾಗುವುದಿಲ್ಲ, ಕಿವಿಗೆ ಅಪಾಯ ಮಾತ್ರ ಹೆಚ್ಚುತ್ತದೆ.

ಹಾಗಾಗಿ ಊತ ಇಳಿಯುತ್ತಿಲ್ಲ ಎಂದು ಬಂದವರಿಗೆ ನೀವು ಮೊದಲು ಕೇಳಬೇಕಾದ ಪ್ರಶ್ನೆ: ‘ಮಾತ್ರೆ ತಗೊಂಡ ಒಂದೆರಡು ಗಂಟೆಯಲ್ಲಿ ಮೂತ್ರ ಜಾಸ್ತಿ ಬರುತ್ತಾ ಅಮ್ಮಾ?’ ಬಾಯಿಯಿಂದ ತೆಗೆದುಕೊಂಡ ಫ್ಯೂರೋಸೆಮೈಡ್ ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ, ಒಂದೆರಡು ಗಂಟೆಯಲ್ಲಿ ತುದಿ ಮುಟ್ಟಿ, ಆರೆಂಟು ಗಂಟೆಯಲ್ಲಿ ಮುಗಿಯುತ್ತದೆ. ‘ಇಲ್ಲ, ಬೇರೆ ಹೊತ್ತಿನ ಹಾಗೇ ಬರುತ್ತೆ’ ಅಂದರೆ ಹಗ್ಗ ಗಿಡ್ಡವಾಗಿದೆ. ಆಗ 20 ಅನ್ನು ದಿನಕ್ಕೆ ಎರಡು ಸಲ ಮಾಡಿ ಪ್ರಯೋಜನವಿಲ್ಲ, ಒಂದೇ ಸಲಕ್ಕೆ 40 ಆಗಬೇಕು. 40ಕ್ಕೂ ಬರದಿದ್ದರೆ 80. ‘ಬೆಳಿಗ್ಗೆ ನಾಲ್ಕೈದು ಸಲ ಹೋಗ್ತೀನಿ, ಸಂಜೆಗೆ ಮತ್ತೆ ಬಾತುಕೊಳ್ಳುತ್ತೆ’ ಅಂದರೆ ಹಗ್ಗದ ಉದ್ದ ಸರಿಯಿದೆ, ಕೊಡ ಇನ್ನೊಂದು ಸಲ ಇಳಿಯಬೇಕು. ಮಧ್ಯಾಹ್ನ ಇನ್ನೊಂದು ಡೋಸ್ ಬೇಕು, ಅಥವಾ ಉಪ್ಪು ಕಡಿಮೆಯಾಗಬೇಕು. ಡೋಸ್ ಬದಲಿಸುವವರು ವೈದ್ಯರು. ಆದರೆ ಈ ಒಂದು ಪ್ರಶ್ನೆಯ ಉತ್ತರವನ್ನು ನೀವು ಫೋನಿನಲ್ಲಿ ಅವರಿಗೆ ಹೇಳಿದರೆ ಸರಿಯಾದ ಬದಲಾವಣೆ ಆಗುತ್ತದೆ.

ಉಪ್ಪಿನ ಮಾತು ಬಂತು. ಮಾತ್ರೆಯ ಕೆಲಸ ಮುಗಿದ ಕೂಡಲೇ ಕಿಡ್ನಿ ಕಳೆದುಕೊಂಡ ಉಪ್ಪನ್ನು ಮತ್ತೆ ಕೂಡಿಡಲು ಹೊರಡುತ್ತದೆ. ಬೆಳಿಗ್ಗೆ 8ಕ್ಕೆ ಮಾತ್ರೆ ನುಂಗಿದವರ ಕಿಡ್ನಿ ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗೆ ಸಿಕ್ಕಿದ ಉಪ್ಪನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಮುದ್ದೆ ಸಾರಿನ ಜೊತೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಬಿತ್ತೋ, ಬೆಳಿಗ್ಗೆ ಹೋದ ನೀರು ರಾತ್ರಿ ವಾಪಸ್. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಅಂಚು ಸಮ ಮಾಡಿದ ಒಂದು ಟೀ ಚಮಚ. ‘ಉಪ್ಪು ಕಡಿಮೆ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ. ಇಡೀ ದಿನದ ಉಪ್ಪನ್ನು ಬೆಳಿಗ್ಗೆಯೇ ಒಂದು ಸಣ್ಣ ಡಬ್ಬಿಗೆ ಅಳೆದು ಹಾಕಿ, ಆ ರೋಗಿಯ ಅಡುಗೆಗೆ ಅದರಿಂದಲೇ ತೆಗೆಯಿರಿ ಎಂದು ಮನೆಯವರಿಗೆ ತೋರಿಸಿಕೊಡಿ. ಬೇಕರಿಯ ಖಾರ, ಬ್ರೆಡ್ಡು, ಬಿಸ್ಕತ್ತಿನಲ್ಲೂ ಉಪ್ಪಿದೆ ಎಂದು ಹೇಳಲು ಮರೆಯಬೇಡಿ.

ಇನ್ನು ಹೊತ್ತು. ಎರಡು ಡೋಸ್ ಇದ್ದರೆ ಬೆಳಿಗ್ಗೆ 8, ಮಧ್ಯಾಹ್ನ 2. ಚೀಟಿಯಲ್ಲಿ 1–0–1 ಎಂದು ಬರೆದರೆ ಅಂಗಡಿಯವರು ಕವರಿನ ಮೇಲೆ ‘ರಾತ್ರಿ’ ಎಂದು ಗುರುತು ಹಾಕಿಕೊಡುತ್ತಾರೆ. ಆ ಅಜ್ಜಿ ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ ಎದ್ದು ಕತ್ತಲಲ್ಲಿ ಹಿತ್ತಲಿನ ಶೌಚಾಲಯಕ್ಕೆ ನಡೆಯಬೇಕು. ಬಿದ್ದು ತೊಡೆಯ ಮೂಳೆ ಮುರಿಯುವುದು ಹೀಗೇ. 1–1–0 ಎಂದು ಬರೆಯಿಸಿ, ಪಕ್ಕದಲ್ಲಿ ಗಂಟೆಯನ್ನೂ ಬರೆಯಿಸಿ. ಇನ್ನೊಂದು ಸಂಗತಿ ನಮ್ಮ ಕಣ್ಣು ತಪ್ಪುತ್ತದೆ. ತಪಾಸಣೆಗೆ ಬರುವ ದಿನವೇ ಬಹಳ ಜನ ಈ ಮಾತ್ರೆ ಬಿಟ್ಟು ಬರುತ್ತಾರೆ. ಎರಡು ಗಂಟೆ ಬಸ್ ಪ್ರಯಾಣ, ನಡುವೆ ಮೂತ್ರಕ್ಕೆ ಜಾಗವಿಲ್ಲ, ಅದರಲ್ಲೂ ಹೆಂಗಸರಿಗೆ. ತಪ್ಪು ಅವರದಲ್ಲ. ‘ಪ್ರಯಾಣವಿದ್ದ ದಿನ ಬಿಡಬೇಡಿ, ಮನೆ ಸೇರಿದ ಮೇಲೆ, ಸಂಜೆ ನಾಲ್ಕರೊಳಗೆ ತಗೊಳ್ಳಿ’ ಎಂದು ನಾವು ಹೇಳಿಕೊಟ್ಟಿರುವುದಿಲ್ಲ.

ಈಗ ಅಂಕಿಗಳ ಗೊಂದಲಕ್ಕೆ ಬರೋಣ. ಇದರಲ್ಲಿ ನಡೆಯುವ ತಪ್ಪುಗಳು ಬಹಳ. ಬಾಯಿಯಿಂದ 40 ಮಿ.ಗ್ರಾಂ ಫ್ಯೂರೋಸೆಮೈಡ್, ನರಕ್ಕೆ 20 ಮಿ.ಗ್ರಾಂ ಫ್ಯೂರೋಸೆಮೈಡ್, ಬಾಯಿಯಿಂದ 20 ಮಿ.ಗ್ರಾಂ ಟಾರ್ಸೆಮೈಡ್, ಬಾಯಿಯಿಂದ 1 ಮಿ.ಗ್ರಾಂ ಬ್ಯುಮೆಟನೈಡ್. ಈ ನಾಲ್ಕೂ ಹೆಚ್ಚುಕಡಿಮೆ ಒಂದೇ. ಫ್ಯೂರೋಸೆಮೈಡ್ ಬಾಯಿಯಿಂದ ಸರಾಸರಿ ಅರ್ಧದಷ್ಟೇ ರಕ್ತ ಸೇರುತ್ತದೆ. ಆ ಅರ್ಧವೂ ಭರವಸೆಯದ್ದಲ್ಲ. ಒಬ್ಬರಲ್ಲಿ ಹತ್ತನೇ ಒಂದು ಭಾಗ, ಇನ್ನೊಬ್ಬರಲ್ಲಿ ಪೂರ್ತಿ. ಊಟದ ಜೊತೆ ತೆಗೆದುಕೊಂಡರೆ ಇನ್ನೂ ಇಳಿಯುತ್ತದೆ, ಆದ್ದರಿಂದ ತಿಂಡಿಗೆ ಮುಂಚೆ ಕೊಡಿ. ಹೃದಯದ ಬಲಭಾಗ ಸೋತು ಕರುಳೇ ಬಾತುಕೊಂಡಾಗ ಹೀರಿಕೆ ನಿಧಾನವಾಗುತ್ತದೆ, ರಕ್ತದಲ್ಲಿ ಮಿತಿ ಮುಟ್ಟುವಷ್ಟು ಮಟ್ಟ ಏರುವುದೇ ಇಲ್ಲ. ಮನೆಯಲ್ಲಿ 80 ಮಿ.ಗ್ರಾಂ ನುಂಗಿಯೂ ಊದಿಕೊಂಡೇ ಇದ್ದವರು ಆಸ್ಪತ್ರೆಯಲ್ಲಿ 40 ಮಿ.ಗ್ರಾಂ ಇಂಜೆಕ್ಷನ್‌ಗೆ ಬಕೆಟ್ ತುಂಬಿಸುವುದು ಇದರಿಂದಲೇ. ಟಾರ್ಸೆಮೈಡ್ ಶೇಕಡಾ 80ಕ್ಕಿಂತ ಹೆಚ್ಚು ಹೀರುತ್ತದೆ, ಊಟದ ತೊಡಕೂ ಇಲ್ಲ. ಹಾಗೆಂದು ಎಲ್ಲರನ್ನೂ ಅದಕ್ಕೆ ಬದಲಿಸಬೇಕಿಲ್ಲ. 2023ರಲ್ಲಿ ಪ್ರಕಟವಾದ ಟ್ರಾನ್ಸ್‌ಫಾರ್ಮ್ ಅಧ್ಯಯನದಲ್ಲಿ 2,859 ಹೃದಯ ವೈಫಲ್ಯದ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಸಾವಿನ ಲೆಕ್ಕದಲ್ಲಿ ಎರಡು ಮಾತ್ರೆಗಳಿಗೆ ವ್ಯತ್ಯಾಸ ಕಾಣಲಿಲ್ಲ.

ತಪ್ಪು ಆಗುವುದು ಬದಲಿಸುವ ಹೊತ್ತಿನಲ್ಲಿ. ಲ್ಯಾಸಿಕ್ಸ್ ಎನ್ನುವುದು ಫ್ಯೂರೋಸೆಮೈಡಿನದೇ ಅಂಗಡಿ ಹೆಸರು. ‘ಲ್ಯಾಸಿಕ್ಸ್ 40 ಇಲ್ಲ, ಟಾರ್ಸೆಮೈಡ್ 40 ಇದೆ’ ಎಂದು ಕೊಟ್ಟರೆ ಡೋಸ್ ಎರಡು ಪಟ್ಟಾಯಿತು. ಇನ್ನೊಂದು ಜೋಡಿ ಮಾತ್ರೆಯದ್ದು. ಲ್ಯಾಸಿಲ್ಯಾಕ್ಟೋನ್ 50 ಎಂಬ ಮಾತ್ರೆಯಲ್ಲಿ ಆ 50 ಸ್ಪೈರೋನೊಲ್ಯಾಕ್ಟೋನ್‌ದು, ಫ್ಯೂರೋಸೆಮೈಡ್ ಇರುವುದು 20 ಮಾತ್ರ. ‘40 ಸಾಲಲಿಲ್ಲ, 50 ಕೊಡೋಣ’ ಎಂದು ಬದಲಿಸಿದರೆ ಫ್ಯೂರೋಸೆಮೈಡ್ ಅರ್ಧಕ್ಕಿಳಿದು, ಪೊಟ್ಯಾಸಿಯಂ ಏರಿಸುವ ಇನ್ನೊಂದು ಔಷಧ ಸೇರಿಕೊಂಡಿತು. ಹೆಸರುಗಳು ಒಂದರಂತೆ ಒಂದು ಕಾಣುತ್ತವೆ, ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ.

ಆ ಹೆಸರಿನ ಬಗ್ಗೆ ಒಂದು ಮಾತು. ಲ್ಯಾಸಿಕ್ಸ್ ಎಂದರೆ ‘ಆರು ಗಂಟೆ ಇರುವುದು’ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಕೂಡಿಸಿ ಮಾಡಿದ ಹೆಸರು ಎನ್ನುವ ಮಾತಿದೆ. ಹೆಸರಲ್ಲೇ ಅವಧಿ ಇದೆ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1966ರಲ್ಲಿ. ಅದಕ್ಕೂ ಹಿಂದೆ ದಶಕಗಳ ಕಾಲ ಊತ ಇಳಿಸಲು ಪಾದರಸದ ಇಂಜೆಕ್ಷನ್ ಕೊಡುತ್ತಿದ್ದರು. ಅದು ಕಿಡ್ನಿಗೇ ವಿಷ. ಇಂದು ಕೆಲವೇ ರೂಪಾಯಿಗೆ ಸಿಗುವ ಮಾತ್ರೆ ಎಂಥ ಔಷಧದ ಜಾಗಕ್ಕೆ ಬಂತು ಎಂಬುದು ತಿಳಿದಿದ್ದರೆ ಅದನ್ನು ಇನ್ನಷ್ಟು ಜೋಪಾನವಾಗಿ ಬಳಸುತ್ತೇವೆ.

ವಾರ್ಡಿಗೆ ಬರೋಣ. ಏದುಸಿರು ಬಿಡುತ್ತಾ ಹೃದಯ ವೈಫಲ್ಯದ ರೋಗಿ ದಾಖಲಾದರು. 2021ರ ಯುರೋಪಿನ ಮಾರ್ಗಸೂಚಿ ಹೇಳುವುದು ಹೀಗೆ. ಮೊದಲು ಈ ಮಾತ್ರೆ ತೆಗೆದುಕೊಳ್ಳದವರಿಗೆ ನರಕ್ಕೆ 20ರಿಂದ 40 ಮಿ.ಗ್ರಾಂ. ಮೊದಲೇ ತೆಗೆದುಕೊಳ್ಳುತ್ತಿದ್ದವರಿಗೆ ಮನೆಯಲ್ಲಿ ದಿನಕ್ಕೆ ನುಂಗುತ್ತಿದ್ದ ಒಟ್ಟು ಡೋಸಿನಷ್ಟೇ, ಅಥವಾ ಅದರ ಎರಡು ಪಟ್ಟು. ಮನೆಯಲ್ಲಿ 40 ಎರಡು ಸಲ ಇದ್ದವರಿಗೆ 20 ಮಿ.ಗ್ರಾಂನ ಒಂದು ಆಂಪ್ಯೂಲ್ ಕೊಟ್ಟು ಕೈತೊಳೆದುಕೊಂಡರೆ ಮನೆಯಲ್ಲಿದ್ದಾಗಿನದಕ್ಕಿಂತ ಕಡಿಮೆ ಕೊಟ್ಟಂತಾಯಿತು.

ಕೊಟ್ಟ ಮೇಲೆ ಗಡಿಯಾರ ನೋಡಿ. ಇಂಜೆಕ್ಷನ್ ಐದು ನಿಮಿಷದಲ್ಲಿ ಶುರುವಾಗಿ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಕೊಡುವ ಮುಂಚೆ ಮೂತ್ರ ಮಾಡಿಸಿ, ಚೀಲವಿದ್ದರೆ ಖಾಲಿ ಮಾಡಿ. ಕೊಟ್ಟು ಎರಡು ಗಂಟೆಯಾದ ಮೇಲೆ ಮೂತ್ರದ ಒಂದು ಮಾದರಿ ತೆಗೆದು ಸೋಡಿಯಂ ನೋಡಿ. ಲೀಟರಿಗೆ 50–70 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಡೋಸ್ ಸಾಲಲಿಲ್ಲ. ಲ್ಯಾಬ್ ಇಲ್ಲದ ಕಡೆ ಆರು ಗಂಟೆಯ ಮೂತ್ರ ಅಳೆಯಿರಿ. ಗಂಟೆಗೆ 100–150 ಮಿ.ಲೀ. ಬಂದಿರಬೇಕು, ಅಂದರೆ ಆರು ಗಂಟೆಯಲ್ಲಿ 600–900. ಬರದಿದ್ದರೆ ಮುಂದಿನ ಡೋಸ್ ಎರಡು ಪಟ್ಟು. ಮಧ್ಯಾಹ್ನ 12ಕ್ಕೆ 40 ಕೊಟ್ಟು, ಸಂಜೆ 6ಕ್ಕೆ 250 ಮಿ.ಲೀ. ಮಾತ್ರ ಇದ್ದರೆ ಡ್ಯೂಟಿ ವೈದ್ಯರಿಗೆ ಆಗಲೇ ಫೋನ್ ಮಾಡಿ ಹೇಳಿ. ‘ಬೆಳಿಗ್ಗೆ ರೌಂಡ್ಸಿಗೆ ಬರುತ್ತಾರಲ್ಲ’ ಎಂದು ಬಿಟ್ಟರೆ ರೋಗಿ ಒಂದು ರಾತ್ರಿಯಿಡೀ ನೀರಿನಲ್ಲಿ ಮುಳುಗಿರುತ್ತಾರೆ. ಕಿಡ್ನಿ ತೀರಾ ಕುಗ್ಗಿದವರಿಗೆ ಒಂದು ಸಲಕ್ಕೆ 160–200 ಮಿ.ಗ್ರಾಂವರೆಗೆ ಬೇಕಾಗಬಹುದು. ಅದಕ್ಕಿಂತ ಮೇಲೆ ಹೋಗಿ ಲಾಭವಿಲ್ಲ.

ಎಷ್ಟು ವೇಗವಾಗಿ ಕೊಡುತ್ತೀರಿ ಎಂಬುದು ಡೋಸಿನಷ್ಟೇ ಮುಖ್ಯ. 20–40 ಮಿ.ಗ್ರಾಂ ಆದರೆ ಒಂದೆರಡು ನಿಮಿಷ ಹಿಡಿದು ನಿಧಾನಕ್ಕೆ. ದೊಡ್ಡ ಡೋಸ್ ಆದರೆ ನಿಮಿಷಕ್ಕೆ 4 ಮಿ.ಗ್ರಾಂ ಮೀರಬಾರದು. ಲೆಕ್ಕ ಹಾಕಿ: 80 ಮಿ.ಗ್ರಾಂ ಎಂದರೆ 2 ಮಿ.ಲೀ.ಯ ನಾಲ್ಕು ಆಂಪ್ಯೂಲ್, 8 ಮಿ.ಲೀ. ಅದನ್ನು ನಾರ್ಮಲ್ ಸಲೈನಿನಲ್ಲಿ 50 ಮಿ.ಲೀ. ಮಾಡಿ ಕನಿಷ್ಠ 20 ನಿಮಿಷ ಹರಿಸಬೇಕು. ಸಿರಿಂಜಿನಿಂದ ಒಂದೇ ಸಲ ತಳ್ಳಿದರೆ ಕಿವಿಯ ಒಳಭಾಗಕ್ಕೆ ಪೆಟ್ಟು ಬೀಳುತ್ತದೆ. ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಕೇಳಿಸುವುದು ಮಂಕಾಗುತ್ತದೆ. ಹೆಚ್ಚು ಸಲ ಸರಿಹೋಗುತ್ತದೆ, ಕೆಲವರಲ್ಲಿ ಹೋಗುವುದಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆಂಟಿಬಯಾಟಿಕ್ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು, ಆ ರೋಗಿಯನ್ನು ಪ್ರತಿ ಡೋಸಿಗೆ ಮುಂಚೆ ‘ಕಿವಿ ಹೇಗಿದೆ?’ ಎಂದು ಕೇಳಿ. ಈ ಇಂಜೆಕ್ಷನ್ ಕ್ಷಾರೀಯ. ಆಮ್ಲೀಯ ದ್ರಾವಣದಲ್ಲಿ ಅಥವಾ ಡೊಬ್ಯುಟಮಿನ್, ಮಿಡಜೋಲಮ್ ಹೋಗುತ್ತಿರುವ ಅದೇ ಲೈನಿನಲ್ಲಿ ಸೇರಿದರೆ ಬಿಳಿಯಾಗಿ ಗಟ್ಟಿಕಟ್ಟುತ್ತದೆ. ಲೈನನ್ನು ಸಲೈನಿನಿಂದ ತೊಳೆದು ಕೊಡಿ, ಕೊಟ್ಟ ಮೇಲೆ ಮತ್ತೆ ತೊಳೆಯಿರಿ. ಹಳದಿ ತಿರುಗಿದ ಆಂಪ್ಯೂಲ್ ಬಳಸಬೇಡಿ.

ಪಂಪಿನಲ್ಲಿ ಸತತವಾಗಿ ಕೊಡುವುದಾದರೆ 10 ಮಿ.ಲೀ. ಔಷಧ, 40 ಮಿ.ಲೀ. ಸಲೈನ್. ಮಿ.ಲೀ.ಗೆ 2 ಮಿ.ಗ್ರಾಂ ಆಯಿತು, ಗಂಟೆಗೆ 5 ಮಿ.ಗ್ರಾಂ ಬೇಕಿದ್ದರೆ 2.5 ಮಿ.ಲೀ. ವೇಗ. ಮೊದಲು ಒಂದು ಪೂರ್ತಿ ಡೋಸ್ ಕೊಡದೆ ಬರೀ ಪಂಪ್ ಹಚ್ಚಿದರೆ ಮಿತಿ ಮುಟ್ಟಲು ಗಂಟೆಗಟ್ಟಲೆ ಹಿಡಿಯುತ್ತದೆ. ಪಂಪ್ ಇಲ್ಲ ಎಂದು ಕೊರಗಬೇಕಿಲ್ಲ. 2011ರಲ್ಲಿ ಪ್ರಕಟವಾದ ‘ಡೋಸ್’ ಎಂಬ ಹೆಸರಿನ ಅಧ್ಯಯನದಲ್ಲಿ 308 ರೋಗಿಗಳನ್ನು ಹೋಲಿಸಿದಾಗ 12 ಗಂಟೆಗೊಮ್ಮೆ ಕೊಟ್ಟದ್ದಕ್ಕೂ ಸತತವಾಗಿ ಹರಿಸಿದ್ದಕ್ಕೂ ಮುಖ್ಯ ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ.

ಈಗ ತೂಕ. ಕಾಲಿನಲ್ಲಿ ಬೆರಳು ಒತ್ತಿದರೆ ಗುಳಿ ಬೀಳುವ ಹೊತ್ತಿಗೆ ದೇಹದಲ್ಲಿ ಎರಡೂವರೆ ಮೂರು ಲೀಟರ್ ನೀರು ಸೇರಿಯಾಗಿರುತ್ತದೆ. ತೂಕದ ಯಂತ್ರ ಅದನ್ನು ಮೊದಲ ಲೀಟರಿಗೇ ಹೇಳುತ್ತದೆ, ಒಂದು ಲೀಟರ್ ಎಂದರೆ ಒಂದು ಕೆ.ಜಿ. ಬೆಳಿಗ್ಗೆ ಎದ್ದು, ಮೂತ್ರ ಮಾಡಿ, ಕಾಫಿಗೂ ಮುಂಚೆ, ಚಪ್ಪಲಿ ಇಲ್ಲದೆ, ದಿನಾ ಅದೇ ಬಗೆಯ ಬಟ್ಟೆಯಲ್ಲಿ. ಯಂತ್ರ ನಿಖರವಾಗಿರಬೇಕೆಂದೇನೂ ಇಲ್ಲ, ಅದೇ ಯಂತ್ರ ಅದೇ ಜಾಗದಲ್ಲಿರಬೇಕು. ಮಣ್ಣಿನ ನೆಲ, ಚಾಪೆ, ಮ್ಯಾಟಿನ ಮೇಲೆ ಇಟ್ಟರೆ ಒಂದು ಕೆ.ಜಿ. ಆಚೀಚೆ ತೋರಿಸುತ್ತದೆ, ಕಡಪಾ ಕಲ್ಲಿನ ಮೇಲೋ ಟೈಲ್ಸ್ ಮೇಲೋ ಇಡಿಸಿ. ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಲಿ. ಪುಸ್ತಕ ಕಳೆದುಹೋಗುತ್ತದೆ, ಕ್ಯಾಲೆಂಡರ್ ಗೋಡೆಯಲ್ಲೇ ಇರುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಒಂದೇ ನೋಟದಲ್ಲಿ ಕಾಣುತ್ತದೆ.

ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅಂದೇ ಫೋನ್. ಊತ ಇಳಿಸುವ ಹಂತದಲ್ಲಿ ಮನೆಯಲ್ಲಿ ದಿನಕ್ಕೆ ಅರ್ಧದಿಂದ ಒಂದು ಕೆ.ಜಿ. ಇಳಿಯುವುದು ಹದ. ಊತ, ಏದುಸಿರು ಎರಡೂ ಹೋದ ದಿನದ ತೂಕವೇ ಆ ರೋಗಿಯ ಒಣ ತೂಕ. ಚೀಟಿಯಲ್ಲಿ ಇದನ್ನೇ ಬರೆಯಿಸಿ: ‘ಒಣ ತೂಕ 54 ಕೆ.ಜಿ. 56 ಆದರೆ ಫೋನ್ ಮಾಡಿ. 52ಕ್ಕೆ ಇಳಿದರೂ ಫೋನ್ ಮಾಡಿ. 10 ದಿನಕ್ಕೆ ರಕ್ತ ಪರೀಕ್ಷೆ.’ ಇಳಿದಾಗಲೂ ಫೋನ್ ಮಾಡಬೇಕು ಎನ್ನುವ ಸಾಲನ್ನು ನಾವು ಮರೆಯುತ್ತೇವೆ. ನೀರೆಲ್ಲ ಹೋದ ಮೇಲೂ ಅದೇ ದೊಡ್ಡ ಡೋಸ್ ನಡೆದು ಕಿಡ್ನಿ ಒಣಗುವುದು ಆ ಮರೆವಿನಿಂದ. ಒಂದು ಎಚ್ಚರಿಕೆ: ತಿಂಗಳುಗಟ್ಟಲೆ ಊಟ ಸೇರದೆ ಮೈಮಾಂಸ ಕರಗುತ್ತಿರುವವರಲ್ಲಿ ಒಣ ತೂಕವೂ ಇಳಿಯುತ್ತಾ ಇರುತ್ತದೆ. ಅಂಥವರಲ್ಲಿ ತೂಕ 54ರಲ್ಲೇ ನಿಂತಿದ್ದರೂ ಒಳಗೆ ನೀರು ಸೇರುತ್ತಿರಬಹುದು. ಒಣ ತೂಕವನ್ನು ಪ್ರತಿ ಭೇಟಿಯಲ್ಲೂ ಹೊಸದಾಗಿ ಗೊತ್ತುಮಾಡಬೇಕು.

ನಿಲ್ಲಲಾರದವರಿಗೆ ಏನು ಮಾಡುವುದು? ಕಣಕಾಲಿನ ಒಳಬದಿಯ ಗಂಟಿನಿಂದ 10 ಸೆಂ.ಮೀ. ಮೇಲೆ ಪೆನ್ನಿನಿಂದ ಗೆರೆ ಎಳೆದು ದಿನಾ ಟೇಪಿನಲ್ಲಿ ಸುತ್ತಳತೆ ತೆಗೆಯಿರಿ. ಸದಾ ಮಲಗಿರುವವರಲ್ಲಿ ನೀರು ಸೊಂಟದ ಹಿಂಭಾಗಕ್ಕೆ ಇಳಿದಿರುತ್ತದೆ, ಮಗ್ಗುಲಾಗಿಸಿ ಅಲ್ಲಿ ಒತ್ತಿ ನೋಡಿ. ರಾತ್ರಿ ಎಷ್ಟು ದಿಂಬು ಬೇಕಾಯಿತು ಎಂದು ಕೇಳಿ. ಡೈಪರ್ ಹಾಕಿದ್ದರೆ ಒಣಗಿದ್ದಾಗಿನ ತೂಕ ಕಳೆದು ಒದ್ದೆಯದನ್ನು ತೂಗಿ, ಒಂದು ಗ್ರಾಂ ಎಂದರೆ ಒಂದು ಮಿ.ಲೀ. ಮೂತ್ರ.

ರಕ್ತ ಪರೀಕ್ಷೆ ಯಾವಾಗ? ಶುರು ಮಾಡುವ ಮುಂಚೆ ಒಂದು, ಶುರು ಮಾಡಿದ ಅಥವಾ ಡೋಸ್ ಬದಲಿಸಿದ ಒಂದೆರಡು ವಾರದಲ್ಲಿ ಇನ್ನೊಂದು. ವಾರ್ಡಿನಲ್ಲಿ ಇಂಜೆಕ್ಷನ್ ನಡೆಯುತ್ತಿದ್ದರೆ ದಿನಾ. ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಯೂರಿಯಾ. ಸಾಧ್ಯವಿದ್ದರೆ ಮೆಗ್ನೀಸಿಯಂ. ಗೌಟ್ ಇದ್ದವರಲ್ಲಿ ಯೂರಿಕ್ ಆಮ್ಲವೂ ಏರುತ್ತದೆ. ಕಾಲಿನ ಹೆಬ್ಬೆರಳು ಕೆಂಪಾಗಿ ಊದಿದರೆ ಅದನ್ನು ಮತ್ತೆ ‘ನೀರಿನ ಊತ’ ಎಂದುಕೊಳ್ಳಬೇಡಿ.

ಈ ಮಾತ್ರೆಯಿಂದ ಉಪ್ಪಿನ ಜೊತೆ ಪೊಟ್ಯಾಸಿಯಂ ಕೂಡ ಮೂತ್ರದಲ್ಲಿ ಹೋಗುತ್ತದೆ. ಪೊಟ್ಯಾಸಿಯಂ 3.5ರ ಕೆಳಗೆ ಕಡಿಮೆ. ಹೃದಯ ಕಾಯಿಲೆಯವರಲ್ಲಿ, ಮುಖ್ಯವಾಗಿ ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುವವರಲ್ಲಿ, 4ರಿಂದ 5ರ ನಡುವೆ ಇರುವುದು ಕ್ಷೇಮ. 3ರ ಕೆಳಗೆ ಇಳಿದರೆ ಅಂದೇ ವೈದ್ಯರಿಗೆ ತಿಳಿಸಿ ಇಸಿಜಿ ಮಾಡಿಸಿ. 2.5 ಆದರೆ ಮನೆಗೆ ಕಳಿಸುವ ಮಾತೇ ಇಲ್ಲ. ಮೀನಖಂಡ ಸೆಳೆತ, ತೊಡೆಯಲ್ಲಿ ಬಲವಿಲ್ಲದಿರುವುದು, ಮಲಬದ್ಧತೆ, ಎದೆ ಡವಗುಟ್ಟುವುದು ಇದರ ಗುರುತುಗಳು. ಎಷ್ಟೋ ಸಲ ಗುರುತೇ ಇರುವುದಿಲ್ಲ. ಎಷ್ಟು ಕೊಟ್ಟರೂ ಪೊಟ್ಯಾಸಿಯಂ ಏರದಿದ್ದರೆ ಮೆಗ್ನೀಸಿಯಂ ಕಡಿಮೆ ಇರುತ್ತದೆ, ಅದನ್ನು ತುಂಬದೆ ಇದು ನಿಲ್ಲುವುದಿಲ್ಲ.

ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ 15 ಮಿ.ಲೀ.ಯಲ್ಲಿ 20 ಮಿಲಿಮೋಲ್ ಇದೆ. ಊಟವಾದ ಮೇಲೆ ಒಂದು ಲೋಟ ನೀರಿನಲ್ಲಿ ಬೆರೆಸಿ ನಿಧಾನಕ್ಕೆ ಕುಡಿಯಬೇಕು. ಹಾಗೇ ಕುಡಿದರೆ ಹೊಟ್ಟೆ ಉರಿದು, ಮರುದಿನದಿಂದ ಮುಟ್ಟುವುದೇ ಇಲ್ಲ. ಇಂಜೆಕ್ಷನ್ ಆಂಪ್ಯೂಲಿನ ಕಥೆ ಬೇರೆ. 10 ಮಿ.ಲೀ.ಯಲ್ಲಿ 20 ಮಿಲಿಮೋಲ್, ಅದನ್ನು ನೇರವಾಗಿ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಡ್ರಿಪ್ಪಿನಲ್ಲಿ ಬೆರೆಸಿ, ಬಾಟಲಿಯನ್ನು ಚೆನ್ನಾಗಿ ಅಲುಗಿಸಿ, ಕೈಯ ನರದಲ್ಲಾದರೆ ಗಂಟೆಗೆ 10 ಮಿಲಿಮೋಲ್ ಮೀರದಂತೆ. ಫ್ಯೂರೋಸೆಮೈಡ್ ಇರುವ ಟ್ರೇಯಲ್ಲಿ ಆ ಆಂಪ್ಯೂಲನ್ನು ಇಡಲೇಬೇಡಿ.

ಎಳನೀರು ಕುಡಿಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. 300 ಮಿ.ಲೀ.ಯ ಒಂದು ಎಳನೀರಿನಲ್ಲಿ ಸುಮಾರು 15–20 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ, ಹೆಚ್ಚುಕಡಿಮೆ ಆ ಸಿರಪ್ಪಿನ ಒಂದು ಡೋಸು. ಬರೀ ಫ್ಯೂರೋಸೆಮೈಡ್ ಇದ್ದು, ಕಿಡ್ನಿ ಚೆನ್ನಾಗಿದ್ದು, ಪೊಟ್ಯಾಸಿಯಂ ಕಡಿಮೆ ಇರುವವರಿಗೆ ದಿನಕ್ಕೆ ಒಂದು ಒಳ್ಳೆಯದೇ. ನೀರಿನ ಲೆಕ್ಕಕ್ಕೆ ಅದನ್ನೂ ಸೇರಿಸಿದರಾಯಿತು. ಆದರೆ ಜೊತೆಯಲ್ಲಿ ಸ್ಪೈರೋನೊಲ್ಯಾಕ್ಟೋನ್, ಅಥವಾ ಎನಲಾಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ಇರುವವರಿಗೆ, ಕ್ರಿಯಾಟಿನಿನ್ ಏರಿರುವವರಿಗೆ ಅದೇ ಎಳನೀರು ಅಪಾಯ. ಆ ಔಷಧಗಳು ಪೊಟ್ಯಾಸಿಯಂ ಅನ್ನು ಒಳಗೇ ಹಿಡಿದಿಡುತ್ತವೆ. ‘ಬಿಪಿಗೆ ಒಳ್ಳೆಯದು’ ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸ್ಪೈರೋನೊಲ್ಯಾಕ್ಟೋನ್ ಸೇರಿಸಿದರೆ ಒಂದು ವಾರಕ್ಕೆ, ನಾಲ್ಕು ವಾರಕ್ಕೆ ಪೊಟ್ಯಾಸಿಯಂ ನೋಡಲೇಬೇಕು. 5.5 ದಾಟಿದರೆ ಅದರ ಡೋಸ್ ಅರ್ಧ, 6 ದಾಟಿದರೆ ನಿಲ್ಲಿಸಬೇಕು.

ಇಲ್ಲಿ ರಕ್ತ ತೆಗೆಯುವವರ ಕೈಯಲ್ಲಿ ಒಂದು ದೊಡ್ಡ ಕೆಲಸವಿದೆ. ಪಟ್ಟಿ ಬಿಗಿದು ಮುಷ್ಟಿ ಬಿಗಿ-ಬಿಡು ಮಾಡಿಸಿ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು, ಟ್ಯೂಬಿಗೆ ರಭಸದಿಂದ ತಳ್ಳಿದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳು ಏರಿಕೆ ತೋರಿಸುತ್ತದೆ. ಉಪಕೇಂದ್ರದಲ್ಲಿ ಬೆಳಿಗ್ಗೆ ತೆಗೆದು ಮಧ್ಯಾಹ್ನ ಬಸ್ಸಿನಲ್ಲಿ ಕಳಿಸಿದ ಮಾದರಿಯೂ ಹಾಗೇ. ಸೆಂಟ್ರಿಫ್ಯೂಜ್ ಮಾಡದ ರಕ್ತವನ್ನು ಫ್ರಿಜ್ಜಿನಲ್ಲಿ ಇಟ್ಟರೆ ಇನ್ನೂ ಕೆಟ್ಟದ್ದು, ತಂಪಿನಲ್ಲಿ ಕಣದೊಳಗಿನ ಪೊಟ್ಯಾಸಿಯಂ ಸೋರಿ ಹೊರಬರುತ್ತದೆ. ನಿಜಕ್ಕೂ 2.9 ಇದ್ದದ್ದು 3.9 ಎಂದು ಬಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ರೋಗಿ ಹಾಗೇ ಮನೆಗೆ ಹೋಗುತ್ತಾರೆ.

ಕ್ರಿಯಾಟಿನಿನ್ ಏರಿದಾಗ ಅವಸರ ಬೇಡ. ಇದು ನಾನು ಬಹಳ ಕಾಳಜಿಯಿಂದ ಹೇಳುವ ಮಾತು. 1.1 ಇದ್ದದ್ದು 1.4 ಆಯಿತೆಂದು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಮೊದಲು ರೋಗಿಯ ಕಡೆ ತಿರುಗಿ. ಕುತ್ತಿಗೆಯ ನರ ಇನ್ನೂ ಉಬ್ಬಿದೆಯೇ, ಕಾಲಿನಲ್ಲಿ ಗುಳಿ ಬೀಳುತ್ತಿದೆಯೇ, ತೂಕ ಒಣ ತೂಕಕ್ಕಿಂತ ಮೇಲಿದೆಯೇ? ಹಾಗಿದ್ದರೆ ಕಿಡ್ನಿ ಒಣಗಿಲ್ಲ, ಹಿಂದಿನಿಂದ ಒತ್ತುವ ನೀರಿನಲ್ಲಿ ಮುಳುಗಿದೆ. ಆಗ ಬೇಕಾಗಿರುವುದು ಇನ್ನೂ ಹೆಚ್ಚು ಮೂತ್ರ. ಚೆನ್ನಾಗಿ ಮೂತ್ರ ಹೋಗಿ, ಏದುಸಿರು ಇಳಿಯುತ್ತಿರುವಾಗ 0.3ರಷ್ಟು ಏರಿದರೆ ತಾಳಿಕೊಳ್ಳಬಹುದು. ಇನ್ನೊಂದು ಕಡೆ, ನಾಲಿಗೆ ಒಣಗಿದೆ, ತೂಕ ಒಣ ತೂಕಕ್ಕಿಂತ ಕೆಳಗಿದೆ, ಐದು ನಿಮಿಷ ಮಲಗಿಸಿ ನೋಡಿದ ಬಿಪಿ ಎದ್ದು ನಿಂತ ಮೂರು ನಿಮಿಷದೊಳಗೆ 20 ಪಾಯಿಂಟ್ ಬೀಳುತ್ತದೆ, ಕ್ರಿಯಾಟಿನಿನ್‌ಗಿಂತ ಯೂರಿಯಾ ಹೆಚ್ಚು ಓಡಿದೆ. ಇದು ಅತಿಯಾದ ಡೋಸ್. ಅಂಕಿ ಒಂದೇ 1.4, ಮಾಡಬೇಕಾದ ಕೆಲಸ ಪೂರ್ತಿ ತಿರುವುಮುರುವು. ಲ್ಯಾಬ್ ಚೀಟಿ ಅದನ್ನು ಹೇಳುವುದಿಲ್ಲ, ಕುತ್ತಿಗೆ, ಕಾಲು, ತೂಕದ ಪಟ್ಟಿ ಹೇಳುತ್ತವೆ.

ಲಿವರ್ ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬಿದವರ ಲೆಕ್ಕ ಬೇರೆ. ಅಲ್ಲಿ ಸ್ಪೈರೋನೊಲ್ಯಾಕ್ಟೋನ್ ಮುಂದೆ, ಫ್ಯೂರೋಸೆಮೈಡ್ ಹಿಂದೆ: 100ಕ್ಕೆ 40ರ ಜೋಡಿ, ಮೇಲಿನ ಮಿತಿ 400ಕ್ಕೆ 160. ಕಾಲಿನಲ್ಲಿ ಊತವಿಲ್ಲದೆ ಹೊಟ್ಟೆಯಲ್ಲಿ ಮಾತ್ರ ನೀರಿದ್ದರೆ ದಿನಕ್ಕೆ ಅರ್ಧ ಕೆ.ಜಿ.ಗಿಂತ ಹೆಚ್ಚು ಇಳಿಸಬಾರದು. ಹೊಟ್ಟೆಯ ನೀರು ರಕ್ತನಾಳಕ್ಕೆ ವಾಪಸಾಗುವುದು ಅಷ್ಟು ನಿಧಾನ. ಮಂಪರು, ಹಗಲು ನಿದ್ದೆ, ಕೈ ನಡುಕ ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರ ಬಳಿಗೆ ಕಳಿಸಿ.

ಮೆಟೊಲಜೋನ್ ಸೇರಿಸಿದ ಚೀಟಿ ಕಂಡರೆ ಕಣ್ಣು ತೆರೆದಿರಲಿ. ಅದು ಇನ್ನೊಂದು ಬಗೆಯ ನೀರಿನ ಮಾತ್ರೆ. 2.5 ಮಿ.ಗ್ರಾಂನ ಆ ಸಣ್ಣ ಮಾತ್ರೆ, ಹೆನ್ಲೆಯ ಕುಣಿಕೆ ದಾಟಿದ ಮೇಲೆ ಉಪ್ಪು ವಾಪಸಾಗುವ ಮುಂದಿನ ಬಾಗಿಲನ್ನೂ ಮುಚ್ಚುತ್ತದೆ. ಎರಡು ದಿನದಲ್ಲಿ ನಾಲ್ಕು ಕೆ.ಜಿ. ಇಳಿದು ಸೋಡಿಯಂ, ಪೊಟ್ಯಾಸಿಯಂ ಎರಡೂ ಕುಸಿಯಬಹುದು. ಎರಡು ಮೂರು ದಿನದೊಳಗೆ ರಕ್ತ ಪರೀಕ್ಷೆ ಆಗದಿದ್ದರೆ ಅದನ್ನು ಕೊಟ್ಟು ಮನೆಗೆ ಕಳಿಸಬಾರದು.

ಯಾರಿಗೆ ಈ ಮಾತ್ರೆಯೇ ಬೇಡ? ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುವವರ ಕಾಲು ಸಂಜೆಯ ಹೊತ್ತಿಗೆ ಊದುತ್ತದೆ, 10 ಮಿ.ಗ್ರಾಂ ಇದ್ದವರಲ್ಲಿ ಇನ್ನೂ ಹೆಚ್ಚು. ಅದು ಸಣ್ಣ ರಕ್ತನಾಳಗಳು ಹಿಗ್ಗಿ ಜಿನುಗಿದ ನೀರು, ದೇಹದಲ್ಲಿ ಉಪ್ಪು ಹೆಚ್ಚಾಗಿ ಬಂದದ್ದಲ್ಲ. ಅಂಗಡಿಯಿಂದ ಫ್ಯೂರೋಸೆಮೈಡ್ ತಂದು ನುಂಗಿದರೆ ಊತ ಅಷ್ಟಾಗಿ ಇಳಿಯುವುದಿಲ್ಲ, ಪೊಟ್ಯಾಸಿಯಂ ಇಳಿಯುತ್ತದೆ. ಸೆಳೆತಕ್ಕೆ ಇನ್ನೊಂದು ಮಾತ್ರೆ, ಹೀಗೆ ಸರಪಣಿ ಬೆಳೆಯುತ್ತದೆ. ಒಂದೇ ಕಾಲು ಊದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಸೋಂಕಿರಬಹುದು, ಆನೆಕಾಲಿರಬಹುದು. ಯಾವುದಕ್ಕೂ ಇದು ಔಷಧವಲ್ಲ.

ನೋವಿನ ಮಾತ್ರೆಯನ್ನು ಪ್ರತಿ ಭೇಟಿಯಲ್ಲೂ ಕೇಳಿ, ‘ಮಂಡಿಗೆ ಏನಾದ್ರೂ ತಗೋತೀರಾ?’ ಎಂದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಉಪ್ಪನ್ನು ಹಿಡಿದಿಟ್ಟು ಈ ಮಾತ್ರೆಯ ಕೆಲಸ ಕೆಡಿಸುತ್ತವೆ. ಜೊತೆಗೆ ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಇದ್ದರೆ ಮೂರೂ ಸೇರಿ ಕೆಲವೇ ದಿನದಲ್ಲಿ ಕಿಡ್ನಿಯನ್ನು ನಿಲ್ಲಿಸಬಲ್ಲವು. ನೋವಿಗೆ ಪ್ಯಾರಾಸಿಟಮಾಲ್ ಕೊಡಿ.

ಕೊನೆಯದು ವಾಂತಿ, ಭೇದಿ, ಜ್ವರದ ದಿನಗಳು. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ನೀರು ಬೇರೆ ದಾರಿಯಲ್ಲಿ ಹೋಗುತ್ತಿರುವಾಗ ಮಾತ್ರೆಯೂ ಕಳೆಯುತ್ತಾ ಹೋಗಬಾರದು. ಊಟ ನೀರು ನಿಲ್ಲದಷ್ಟು ವಾಂತಿ ಭೇದಿ ಇದ್ದರೆ ಆ ದಿನದ ನೀರಿನ ಮಾತ್ರೆ ತಡೆದು, ಅಂದೇ ನಿಮಗೆ ಫೋನ್ ಮಾಡಬೇಕೆಂದು ಮೊದಲೇ ಹೇಳಿಡಿ. ಎನಲಾಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೋನೊಲ್ಯಾಕ್ಟೋನ್ ಇದ್ದರೆ ಅವನ್ನೂ ವೈದ್ಯರನ್ನು ಕೇಳಿ ತಡೆಯಬೇಕು. ಸರಿಯಾಗಿ ಉಂಡು ಕುಡಿಯತೊಡಗಿ ಒಂದೆರಡು ದಿನವಾದ ಮೇಲೆ ಮತ್ತೆ ಶುರು. ಶುರು ಮಾಡುವ ಬೆಳಿಗ್ಗೆ ತೂಕ ನೋಡಿ. ಒಣ ತೂಕ ಮುಟ್ಟಿದ್ದರೆ ಹಳೆಯ ಡೋಸ್, ಇನ್ನೂ ಎರಡು ಕೆ.ಜಿ. ಕೆಳಗಿದ್ದರೆ ಮಾತ್ರೆ ಕೊಡುವ ಮುಂಚೆ ವೈದ್ಯರಿಗೆ ಫೋನ್ ಮಾಡಿ ಆ ಅಂಕಿಯನ್ನು ಹೇಳಿ.